ಸೊಸೆಯ ಮದುವೆಗೆ ಅತ್ತೆಯ ಕರೆ

ಆ ಕಟ್ಟಡಕ್ಕೆ ಅರವತ್ತೆಂಟು ಮೆಟ್ಟಿಲು. ಒಂದು ಮಹಡಿಗೆ ಹದಿನೇಳರಂತೆ ನಾಲ್ಕು ಮಹಡಿ. ಎಲ್ಲಕ್ಕಿಂತ ಮೇಲಿನ ಮಹಡಿಯ ಎಡಗಡೆ ಮನೆಯಲ್ಲಿ ಮೂವರು ಹೆಂಗಸರು: ಒಬ್ಬ ಅಜ್ಜಿ, ಅಜ್ಜಿಯ ಸೊಸೆ, ಆ ಸೊಸೆಯ ಮಗಳು. ಅಜ್ಜಿ ಆ ಮೆಟ್ಟಿಲಿಳಿದು ಮೂರು ವರ್ಷ ದಾಟಿತ್ತು. ಇನ್ನು ಹದಿನೇಳು ವಾರದೊಳಗೆ ಅವಳನ್ನು ಇಳಿಸಬೇಕು, ಅದೂ ಅವಳ ಕಾಲ ಮೇಲೆಯೇ, ಅವಳ ಮನಸ್ಸಿನಿಂದಲೇ ಇಳಿಸಬೇಕು ಎಂದು ಮೊಮ್ಮಗಳು ಪಣ ತೊಟ್ಟಳು. ಏಕೆಂದರೆ ಅಜ್ಜಿ ಇಳಿಯದಿದ್ದರೆ ಮದುವೆ ಇಲ್ಲ.

ಮದುವೆ ಮೊಮ್ಮಗಳದಲ್ಲ. ಅವಳ ಅಮ್ಮನದು.

ಅಪ್ಪ ತೀರಿಕೊಂಡಾಗ ಮಗಳಿಗೆ ಆರು ವರ್ಷ. ಅಲ್ಲಿಂದ ಇಪ್ಪತ್ತು ವರ್ಷ ಅಮ್ಮ ಶಾಲಾ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಕತ್ತರಿ ಮೇಜಿನ ಮುಂದೆ ನಿಂತು ನೀಲಿ ಬಟ್ಟೆ, ಬೂದು ಬಟ್ಟೆ, ಮತ್ತೆ ನೀಲಿ ಬಟ್ಟೆ ಕತ್ತರಿಸಿದಳು. ಮಗಳನ್ನು ಅಜ್ಜಿ ಬೆಳೆಸಿದಳು, ಅನ್ನದಷ್ಟೇ ಕತೆಯನ್ನೂ ಉಣಿಸಿ. ಅಜ್ಜಿಯ ಕತೆಗೆ ಒಂದು ಕಟ್ಟುನಿಟ್ಟಿತ್ತು. ಕೇಳುವವರು ಮಾತುಮಾತಿಗೂ "ಹೂಂ" ಅನ್ನಬೇಕು. ಹೂಂ ನಿಂತರೆ ಕತೆಯೂ ನಿಂತಿತು. ರಾಜಕುಮಾರ ಕಾಡಿನಲ್ಲಿ ಒಂಟಿಕಾಲಲ್ಲಿ ನಿಂತಿದ್ದರೂ ನಾಳೆಯವರೆಗೆ ಹಾಗೇ ನಿಂತಿರಬೇಕು. ಈ ಹುಡುಗಿ ನಿದ್ದೆಯಲ್ಲೂ ಹೂಂ ಅನ್ನುತ್ತಿದ್ದಳಂತೆ. ಅದಕ್ಕೇ ಅವಳಿಗೆ ಹೂಂಗುಟ್ಟಿ ಎಂದು ಹೆಸರು ಬಿತ್ತು. ಈಗ ಇಪ್ಪತ್ತಾರಾದರೂ, ಪ್ರೆಸ್ಸೊಂದರಲ್ಲಿ ಪ್ರೂಫ್ ನೋಡುವ ಕೆಲಸದಲ್ಲಿದ್ದರೂ, ಮನೆಯಲ್ಲಿ ಅವಳು ಹೂಂಗುಟ್ಟಿಯೇ. ಬಸ್ಸಿನ ಕಿಟಕಿಯಲ್ಲಿ ಮುಖವಿಟ್ಟರೆ ಅವಳಿಗೆ ನೀರಿನ ಟ್ಯಾಂಕು ಆನೆಯಾಗಿ, ಮೊಬೈಲ್ ಟವರು ರಾಕ್ಷಸನ ಎಲುಬಾಗಿ ಕಾಣುತ್ತಿತ್ತು. ಇಳಿಯಬೇಕಾದ ನಿಲ್ದಾಣ ಮಾತ್ರ ಕಾಣುತ್ತಿರಲಿಲ್ಲ.

ಮದುವೆಯ ಗಂಡು ಲಿಫ್ಟ್ ರಿಪೇರಿ ಮಾಡುವವರು. ಅಮ್ಮನ ಕಾರ್ಖಾನೆ ಇದ್ದದ್ದು ಆರನೆಯ ಮಹಡಿಯಲ್ಲಿ. ಒಂದು ದಿನ ಅಲ್ಲಿಯ ಲಿಫ್ಟು ಎರಡು ಮಹಡಿಯ ನಡುವೆ ಅಮ್ಮನನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೆಟ್ಟು ನಿಂತಿತು. ಮೇಲಿನ ಸಂದಿಯಿಂದ ಟಾರ್ಚು ಬಿಟ್ಟು, ಎರಡು ಗಂಟೆ ಹೊತ್ತು ಅದೂ ಇದೂ ಮಾತಾಡುತ್ತಾ ಅವಳಿಗೆ ಧೈರ್ಯ ತುಂಬಿದವರು ಇವರು. ಆಮೇಲೆ ಆ ಲಿಫ್ಟಿಗೆ ತಿಂಗಳಿಗೊಮ್ಮೆ ಆಗಬೇಕಾದ ತಪಾಸಣೆ ವಾರಕ್ಕೊಮ್ಮೆ ಆಗತೊಡಗಿತು. ಐವತ್ತೆರಡು ವಯಸ್ಸು, ಮದುವೆಯಾಗಿರಲಿಲ್ಲ, ಜೇಬಿನಲ್ಲಿ ಯಾವಾಗಲೂ ಒಂದು ಸ್ಕ್ರೂಡ್ರೈವರ್. ಹೂಂಗುಟ್ಟಿಗೆ ಅವರು ಲಿಫ್ಟ್ ಅಂಕಲ್. ಮೊದಲ ದಿನವೇ ಹಿಡಿಸಿಬಿಟ್ಟರು. ಗುಹೆಯಲ್ಲಿ ಸಿಕ್ಕಿಕೊಂಡವಳನ್ನು ಬಿಡಿಸಿ ತಂದವರಲ್ಲವೇ!

ಆ ಖುಷಿಯಲ್ಲೇ ಎಡವಟ್ಟಾಯಿತು. ಹೂಂಗುಟ್ಟಿಯೂ ಲಿಫ್ಟ್ ಅಂಕಲ್ಲೂ ಒಂಬತ್ತು ಹಾಲ್ ಸುತ್ತಿ, ಒಂದೂ ಮೆಟ್ಟಿಲಿಲ್ಲದ, ಬೀದಿಯ ಮಟ್ಟಕ್ಕೇ ಇರುವ, ದೊಡ್ಡ ಕಿಟಕಿಗಳ ಒಂದು ಹಾಲ್ ಹುಡುಕಿ, ದಿನ ಗೊತ್ತುಮಾಡಿಕೊಂಡು ಬಂದರು. ಬಂದು, ಆಮೇಲೆ ಅಜ್ಜಿಗೆ ಹೇಳಿದರು.

ಅಜ್ಜಿ ಬೆಳ್ಳುಳ್ಳಿ ಬಿಡಿಸುತ್ತಾ ಕೂತಿದ್ದಳು. ಕೈ ನಿಲ್ಲಲಿಲ್ಲ.

"ಆಗ್ಲಿ, ಮಾಡ್ಕೊಳ್ಳಿ. ನಾನು ಬೇಡ ಅಂದೆನಾ? ನನ್ನ ಕಾಲು ಬರಲ್ಲ, ಅಷ್ಟೇ."

"ನಾವು ನಾಲ್ಕು ಜನ ಸೇರಿ ಕುರ್ಚಿ ಮೇಲೆ ಕೂರಿಸಿಕೊಂಡು ಇಳಿಸ್ತೀವಿ ಅಮ್ಮಾ, ಅಲುಗಾಡದ ಹಾಗೆ" ಎಂದರು ಲಿಫ್ಟ್ ಅಂಕಲ್.

"ನೋಡಪ್ಪಾ, ನಾಲ್ಕು ಜನ ನನ್ನನ್ನ ಹೊತ್ಕೊಂಡು ಇಳಿಸೋದು ಒಂದೇ ಸಲ. ಅದಕ್ಕಿನ್ನೂ ಟೈಮಿದೆ."

ಲಿಫ್ಟ್ ಅಂಕಲ್ ಜೇಬಿನ ಸ್ಕ್ರೂಡ್ರೈವರ್ ಮುಟ್ಟಿ ನೋಡಿಕೊಂಡರು.

ಮೂರು ವರ್ಷದ ಹಿಂದೆ ಅಜ್ಜಿ ತರಕಾರಿಗೆಂದು ಹೋಗುವಾಗ, ಎರಡನೆಯ ಮಹಡಿ ದಾಟಿ ಐದನೆಯ ಮೆಟ್ಟಿಲಲ್ಲಿ ಜಾರಿ ಬಿದ್ದಿದ್ದಳು. ಆ ಮೆಟ್ಟಿಲಿನ ಅಂಚು ಒಡೆದಿತ್ತು. ಮಂಡಿಯ ಮೂಳೆ ಕೂಡಿಕೊಂಡು ಯಾವ ಕಾಲವಾಯಿತೋ. ಮನೆಯೊಳಗೆ ಅವಳು ಸರಸರ ಓಡಾಡುತ್ತಾಳೆ, ಸ್ಟೂಲು ಹತ್ತಿ ಡಬ್ಬಿ ಇಳಿಸುತ್ತಾಳೆ. ಕಾಲು ವಾಸಿಯಾಗಿದೆ, ಹೆದರಿಕೆ ವಾಸಿಯಾಗಿಲ್ಲ ಎಂದು ಡಾಕ್ಟರ್ ಹೇಳಿದ್ದರು. ಅಂದಿನಿಂದ ಅಜ್ಜಿ ಆ ಡಾಕ್ಟರ್ ಹೆಸರೆತ್ತಿದರೆ ಮುಖ ತಿರುಗಿಸುತ್ತಿದ್ದಳು.

ಅಂದು ಸಂಜೆ ಅಮ್ಮ ಬಟ್ಟೆ ಮಡಚುತ್ತಾ ಮಗಳಿಗೆ ಮೆಲ್ಲಗೆ ಹೇಳಿದಳು: "ಅತ್ತೆ ಬಂದು ಎದುರಿಗೆ ನಿಂತರೆ ನಾನು ಮದುವೆ ಕಾಗದಕ್ಕೆ ರುಜು ಹಾಕ್ತೀನಿ. ಇಲ್ಲಾಂದ್ರೆ ಈ ಮದುವೆ ಇಲ್ಲ."

"ಅಮ್ಮಾ! ಹಾಲ್ ಹೇಳಿಬಿಟ್ಟಿದ್ದೀವಿ!"

"ಹಾಲ್ ಬೇರೆಯವರಿಗೂ ಬೇಕಾಗುತ್ತೆ. ನಿನ್ನಪ್ಪ ಹೋದಾಗ ನನಗೆ ಇಪ್ಪತ್ತೆಂಟು. ನನ್ನ ತವರಿನವರು ಬಂದು 'ನಡಿ' ಅಂದ್ರು. ನಿನ್ನಜ್ಜಿ ಬಾಯಿಬಿಟ್ಟು ಇರು ಅನ್ನಲಿಲ್ಲ, ಹೋಗು ಅನ್ನಲಿಲ್ಲ. ಅಡುಗೆಮನೆಗೆ ಹೋಗಿ ಮೂವರಿಗೆ ಅಂತ ಅಕ್ಕಿ ಅಳೆದು ತೊಳೆಯೋಕೆ ಶುರು ಮಾಡಿದ್ರು. ನಾನು ಉಳಿದೆ. ಈಗ ಅವರನ್ನ ಮೇಲೆ ಕೂರಿಸಿ ನಾನು ಕೆಳಗೆ ಮದುವೆ ಮಾಡ್ಕೊಳ್ಳಲಾ?"

ಅಮ್ಮನ ಮದುವೆ ಬಟ್ಟೆ ಬಂದು ಕಪಾಟು ಸೇರಿತ್ತು. ನೀಲಿಯಲ್ಲ, ಬೂದಲ್ಲ, ದಾಳಿಂಬೆ ಬಣ್ಣ. ಸಾವಿರಾರು ಮಕ್ಕಳಿಗೆ ಬಟ್ಟೆ ಕತ್ತರಿಸಿದ ಕೈ ಅದಕ್ಕೆ ಕತ್ತರಿ ಹಾಕಲಿಲ್ಲ. "ಅತ್ತೆ ಕೆಳಗಿಳಿದ ದಿನ ಹಾಕ್ತೀನಿ. ಹೊಲಿಯೋಕೆ ನನಗೆ ಹದಿನೈದು ದಿನ ಸಾಕು" ಎಂದು ಕಪಾಟಿನ ಬಾಗಿಲು ಮುಚ್ಚಿದಳು. ಅತ್ತೆ ಸೊಸೆ ಇಬ್ಬರೂ ಒಂದೇ ಗರಡಿಯವರು. ಒಬ್ಬಳು ಇಳಿಯುವುದಿಲ್ಲ, ಇನ್ನೊಬ್ಬಳು ಕತ್ತರಿಸುವುದಿಲ್ಲ.

ಹೂಂಗುಟ್ಟಿ ತಲೆಮೇಲೆ ಕೈಹೊತ್ತು ಕೂರುವ ಜಾತಿಯಲ್ಲ. ಕನಸು ಕಾಣುವವರು ಸೋಮಾರಿಗಳು ಎಂದುಕೊಂಡವರಿಗೆ ಕನಸು ಕಾಣುವುದು ಎಷ್ಟು ಹಠದ ಕೆಲಸ ಎಂದು ಗೊತ್ತಿರುವುದಿಲ್ಲ. ಪ್ರೆಸ್ಸಿನಲ್ಲಿ ಯಾವ ಪುಸ್ತಕ ಬಂದರೂ ಕೊಡಬೇಕಾದ ದಿನದಿಂದ ಹಿಂದಕ್ಕೆ ಎಣಿಸಿಕೊಂಡು ಬರುತ್ತಾರೆ. ಅವಳೂ ಹಾಗೇ ಒಂದು ಹಳೆಯ ಪ್ರೂಫ್ ಹಾಳೆಯ ಬೆನ್ನ ಮೇಲೆ ಬರೆದಳು. ಮದುವೆಯ ದಿನ. ಅದಕ್ಕೆ ಹದಿನೈದು ದಿನ ಮೊದಲು ಅಮ್ಮನ ಬಟ್ಟೆಗೆ ಕತ್ತರಿ. ಅದಕ್ಕೂ ಮೊದಲು ಅಡುಗೆಯವರು, ಹೂವಿನವರು, ಕುರ್ಚಿಯವರು. ಒಂಬತ್ತು ವಾರ ಇರುವಾಗ ಕರೆಯೋಲೆ. ಎಲ್ಲದರ ಬುಡದಲ್ಲಿ, ಉಳಿದಿದ್ದೆಲ್ಲ ಅದರ ಮೇಲೆ ನಿಂತಿದೆಯೇನೋ ಎಂಬಂತೆ, ದಪ್ಪ ಅಕ್ಷರದಲ್ಲಿ: ಅಜ್ಜಿ.

ಅಡುಗೆಯವರು ಸಿಕ್ಕರು. ಹೂವಿನವಳು ಸಿಕ್ಕಳು. ಕುರ್ಚಿಯವನು ಕುರ್ಚಿಗಳ ಫೋಟೋ ಕಳಿಸಿ ಕಳಿಸಿ ಹೂಂಗುಟ್ಟಿಯ ಫೋನು ತುಂಬಿಸಿದ. ಲಿಫ್ಟ್ ಅಂಕಲ್ ಯಾರೂ ಹೇಳದೆ ಒಂದು ಭಾನುವಾರ ಸಿಮೆಂಟು ಕಲಸಿಕೊಂಡು ಬಂದು, ಆ ಒಡೆದ ಮೆಟ್ಟಿಲಿನ ಅಂಚು ಕಟ್ಟಿದರು. ಮರುವಾರ ಗೋಡೆಯ ಉದ್ದಕ್ಕೂ ಮೇಲಿಂದ ಕೆಳತನಕ ಹಿಡಿದುಕೊಳ್ಳಲು ಕಬ್ಬಿಣದ ಕಂಬಿ ಹಾಕಿದರು. ಅಜ್ಜಿ ಬಾಗಿಲಲ್ಲಿ ನಿಂತು ಬಗ್ಗಿ ನೋಡಿದಳು.

"ಲಿಫ್ಟ್ ರಿಪೇರಿಯವನಂತೆ, ನಾವಿರೋ ಕಟ್ಟಡಕ್ಕೆ ಲಿಫ್ಟೇ ಇಲ್ಲ. ನಿನ್ನಮ್ಮ ಹುಡುಕಿದ್ದಾಳೆ ನೋಡು" ಎಂದು ಮೂಗು ಮುರಿದಳು. ಆದರೆ ಯಾರೂ ಇಲ್ಲವೆಂದುಕೊಂಡು ಆ ಕಂಬಿಯನ್ನು ಒಮ್ಮೆ ಹಿಡಿದು ಅಲ್ಲಾಡಿಸಿದ್ದನ್ನು ಹೂಂಗುಟ್ಟಿ ಕಿಟಕಿಯ ಗಾಜಿನಲ್ಲಿ ಕಂಡಳು. ಕಂಬಿ ಅಲ್ಲಾಡಲಿಲ್ಲ.

ಒಂಬತ್ತು ವಾರ ಉಳಿಯಿತು. ಕರೆಯೋಲೆಯ ಸರದಿ.

ಇಲ್ಲಿ ಹೂಂಗುಟ್ಟಿಯ ಲೆಕ್ಕಾಚಾರ ಕೈಕೊಟ್ಟಿತು. ಕರೆಯುವವರು ಯಾರು? ಅಮ್ಮನ ಅಪ್ಪ ಅಮ್ಮ ಇಲ್ಲ. ಮಗಳೇ ಅಮ್ಮನ ಮದುವೆಗೆ ಕರೆದರೆ ಏನೋ ಕೊರತೆ. ಮಧ್ಯಾಹ್ನ ಊಟದ ಬಿಡುವಿನಲ್ಲಿ, ಪ್ರೆಸ್ಸಿನ ಮೂಲೆಯ ಮೇಜಿನಲ್ಲಿ, ಶಾಯಿ ಮತ್ತು ಹಸಿ ಕಾಗದದ ವಾಸನೆಯ ನಡುವೆ ಅವಳು ಗಲ್ಲಕ್ಕೆ ಕೈಯಿಟ್ಟು ಕೂತಳು. ಕತೆಯಲ್ಲಾದರೆ ಹೇಗಿರುತ್ತಿತ್ತು? ಬೆರಳು ತಾನಾಗಿ ಕಂಪ್ಯೂಟರಿನ ಕೀಲಿಗಳ ಮೇಲೆ ಓಡಿತು:

"ನನ್ನ ಸೊಸೆಯ ಮದುವೆ. ಅವಳು ಈ ಮನೆಗೆ ಬಂದ ದಿನದಿಂದ ನನ್ನ ಜೊತೆಗಿದ್ದಾಳೆ. ಈಗ ಅವಳಿಗೆ ಇನ್ನೊಂದು ಮನೆಯಾಗುತ್ತಿದೆ. ನೀವೆಲ್ಲ ತಪ್ಪದೆ ಬರಬೇಕು. ಬಾಗಿಲಲ್ಲಿ ನಾನು ಕಾಯುತ್ತಿರುತ್ತೇನೆ. ಇಂತಿ, ಅವಳ ಅತ್ತೆ."

ಕೆಳಗೆ ಹಾಲ್‌ನ ವಿಳಾಸ, ದಿನ, ಹೊತ್ತು. ಕಾಗದದ ಮೇಲೆ ಹೇಗೆ ಕಾಣುತ್ತದೋ ನೋಡೋಣವೆಂದು ಒಂದು ಪ್ರತಿ ತೆಗೆದಳು. ಓದಿದಳು. ಕಣ್ಣು ತುಂಬಿ ಬಂತು. ಹೊತ್ತಿನ ಮುಂದೆ ಒಂದು ಚುಕ್ಕಿ ಬಿಟ್ಟುಹೋಗಿತ್ತು, ಹಾಕಿದಳು. ಆಮೇಲೆ, ಐದು ವರ್ಷದಿಂದ ದಿನಕ್ಕೆ ನಲವತ್ತು ಸಲ ಮಾಡಿದ ಕೆಲಸವನ್ನು ಕೈ ತಾನಾಗಿಯೇ ಮಾಡಿತು. ಹಾಳೆಯ ಬಲಮೂಲೆಯಲ್ಲಿ ಒಂದು ಸರಿಗುರುತು, ಅದರ ಪಕ್ಕ ಚಿಕ್ಕ ರುಜು. ಆ ಪ್ರೆಸ್ಸಿನಲ್ಲಿ ಆ ಗುರುತಿಗೆ ಒಂದೇ ಅರ್ಥ: ತಪ್ಪಿಲ್ಲ, ಅಚ್ಚುಹಾಕಿ. ಬಿಡುವಿನ ಗಂಟೆ ಹೊಡೆಯಿತು. ಅವಳು ಹಾಳೆಯನ್ನು ಉಳಿದ ಪ್ರೂಫುಗಳ ಕೆಳಗೆ ತಳ್ಳಿ ಬೇರೊಂದು ಪುಸ್ತಕಕ್ಕೆ ಕೈಹಾಕಿದಳು. ಸಂಜೆ ಆ ಕಟ್ಟು ಪೂರ್ತಿಯಾಗಿ ಮೆಷಿನ್ ಮೇಸ್ತ್ರಿಯ ಮೇಜು ಸೇರಿತು.

ಮೇಸ್ತ್ರಿಗೆ ಹುಡುಗಿ ಅಂದರೆ ಅಕ್ಕರೆ. ಮರುದಿನ ಅವಳಿಗೆ ರಜೆ, ಅಡುಗೆಯವರ ಹತ್ತಿರ ಹೋಗಬೇಕಿತ್ತು. ಆಶ್ಚರ್ಯವಾಗಲಿ ಎಂದು ಮೇಸ್ತ್ರಿ ಬೆಳಿಗ್ಗೆಯೇ ಒಳ್ಳೆಯ ದಪ್ಪ ಕಾಗದದಲ್ಲಿ ಇನ್ನೂರು ಪ್ರತಿ ಹೊಡೆದ. ಊಟಕ್ಕೆ ಹೋಗುವ ದಾರಿಯಲ್ಲಿ ಕಟ್ಟನ್ನು ತಂದು, ನಾಲ್ಕು ಮಹಡಿ ಹತ್ತಲಾರದೆ, ಕೆಳಗಿನ ಮನೆಯಲ್ಲಿದ್ದ ನಿವೃತ್ತ ಕಂಡಕ್ಟರ್ ಕೈಗಿಟ್ಟು, "ಮೇಲಿನವರಿಗೆ ತಲುಪಿಸಿಬಿಡಿ" ಎಂದು ಹೋದ.

ಮೂವತ್ತೈದು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದು ಕೊಟ್ಟ ಕೈಗೆ ಕಾಗದದ ಕಟ್ಟು ಸಿಕ್ಕಿದರೆ ಸುಮ್ಮನಿರುತ್ತದೆಯೇ? ಕಂಡಕ್ಟರ್ ತಮ್ಮದೊಂದು ತೆಗೆದು ಓದಿದರು. ಮೂಗು ಸೀನಿಕೊಂಡರು. ಆಮೇಲೆ ಕೆಳಗಿಂದ ಮೇಲಕ್ಕೆ ಪ್ರತಿ ಬಾಗಿಲಿಗೂ ಒಂದೊಂದು ಹಂಚುತ್ತಾ ಹೋದರು. ಯಾರನ್ನೂ ಬಿಡಲಿಲ್ಲ. ಎದುರುಮನೆಗೆ ನಲ್ಲಿ ರಿಪೇರಿಗೆ ಬಂದಿದ್ದವನಿಗೂ ಒಂದು ಸಿಕ್ಕಿತು.

ಹೂಂಗುಟ್ಟಿ ಸಂಜೆ ಮನೆಗೆ ಬಂದಾಗ ಬಾಗಿಲಲ್ಲಿ ಏಳು ಜೊತೆ ಚಪ್ಪಲಿ. ಒಳಗೆ ಕಂಡಕ್ಟರ್, ಎರಡನೇ ಮಹಡಿಯ ಟೀಚರಮ್ಮ, ಇನ್ನೂ ಯಾರುಯಾರೋ. ನಡುವೆ ಅಜ್ಜಿ, ಕೈಯಲ್ಲಿ ಕರೆಯೋಲೆ, ಮುಖದಲ್ಲಿ ಗೆರೆಯೂ ಅಲುಗದು.

"ನಿಮ್ಮಂಥ ಅತ್ತೆ ಎಲ್ಲಿದ್ದಾರೆ ಹೇಳಿ! ಮನಸ್ಸು ಅಂದ್ರೆ ಇದು" ಎನ್ನುತ್ತಿದ್ದರು ಟೀಚರಮ್ಮ.

"ನೀವು ಕರೆದ ಮೇಲೆ ಬರದೆ ಇರ್ತೀನಾ ತಾಯಿ? ಇಸ್ತ್ರಿ ಮಾಡಿಸೋಕೆ ಈಗಲೇ ಶರ್ಟು ಕೊಟ್ಟೆ" ಎಂದರು ಕಂಡಕ್ಟರ್.

ಮೇಜಿನ ಮೇಲಿನ ಕಟ್ಟು, ಮೂಲೆಯ ಸರಿಗುರುತು, ತಳ್ಳಿದ ಹಾಳೆ, ಎಲ್ಲ ಒಟ್ಟಿಗೆ ಹೂಂಗುಟ್ಟಿಯ ಕಣ್ಣೆದುರು ಬಂತು. ಕೊನೆಯ ಜೊತೆ ಚಪ್ಪಲಿಯೂ ಹೋಯಿತು. ಬಾಗಿಲು ಮುಚ್ಚಿದ ಮೇಲೆ ಅಜ್ಜಿ ಕೇಳಿದಳು.

"ಇದನ್ನ ನಾನು ಯಾವಾಗ ಹೇಳಿದೆ?"

"ಅಜ್ಜೀ, ತಪ್ಪಾಯ್ತು. ನಾನು ಸುಮ್ನೆ ಬರೆದು ನೋಡಿದ್ದು. ಅಚ್ಚಾಗುತ್ತೆ ಅಂತ..."

"ಬರೆದವಳು ನೀನು. ಹೇಳಿದವಳು ನಾನು. ಬಾಯಿ ನನ್ನದು, ಮಾತು ನಿನ್ನದು. ಚೆನ್ನಾಗಿದೆ ಕಣೇ!"

ಅಷ್ಟೇ. ಎರಡು ದಿನ ಅಜ್ಜಿ ಬಾಯಿಗೆ ಬೀಗ ಹಾಕಿಕೊಂಡಳು. ಕತೆಯಿಲ್ಲ, ಬೈಗುಳವಿಲ್ಲ, ಬೈಗುಳವಿಲ್ಲದ ಅಜ್ಜಿ ಹೂಂಗುಟ್ಟಿಗೆ ಹೆದರಿಕೆ ಹುಟ್ಟಿಸಿದಳು. ವಿಷಯ ತಿಳಿದ ಅಮ್ಮ ಕರೆಯೋಲೆ ಕೈಯಲ್ಲಿ ಹಿಡಿದು ಬಹಳ ಹೊತ್ತು ಓದಿದಳು, ನಾಲ್ಕೇ ಸಾಲು ಇದ್ದರೂ. ಮೂರನೆಯ ದಿನ ಬೆಳಿಗ್ಗೆ ಕಾರ್ಖಾನೆಗೆ ಹೊರಟವಳು ಚೀಲ ಕೆಳಗಿಟ್ಟು ಅಡುಗೆಮನೆಗೆ ಹೋದಳು. ಹೂಂಗುಟ್ಟಿ ಹಿಂದೆ ಹೋಗಿ ಬಾಗಿಲ ಮರೆಯಲ್ಲಿ ನಿಂತಳು.

"ಅತ್ತೇ, ಮನೆಮನೆಗೂ ಹೋಗಿ ಕಾಗದ ವಾಪಸ್ ತಗೊಂಡು ಬರ್ತೀನಿ. ಮದುವೆ ಬೇಡ. ನೀವು ಮಾತಾಡಿ, ಸಾಕು."

"ಕೆಳಗಿನ ಕಂಡಕ್ಟರ್‌ಗೆ ಗೊತ್ತಿತ್ತು" ಎಂದಳು ಅಜ್ಜಿ, ಸೌಟು ತಿರುಗಿಸುತ್ತಾ. "ಟೀಚರಮ್ಮನಿಗೆ ಗೊತ್ತಿತ್ತು. ಪೇಪರ್ ಹಾಕೋನಿಗೆ ಗೊತ್ತಿತ್ತು. ಹಾಲ್‌ನಲ್ಲಿ ಕುರ್ಚಿ ಎಲ್ಲೆಲ್ಲಿ ಹಾಕ್ಬೇಕು ಅಂತ ತೀರ್ಮಾನ ಆದ ಮೇಲೆ ನನಗೆ ಗೊತ್ತಾಯ್ತು. ಇಪ್ಪತ್ತು ವರ್ಷ. ಒಂದು ಮಾತು ಕೇಳೋಕಾಗಲಿಲ್ಲ ನಿನಗೆ?"

ಕುಕ್ಕರ್ ಒಂದು ಸಲ ಕೂಗಿತು. ಎರಡನೆಯ ಸಲ ಕೂಗುವುದರೊಳಗೆ ಅಮ್ಮ ಕೇಳಿದಳು.

"ಕೇಳೋಕೆ ಭಯ ಆಯ್ತು ಅತ್ತೆ. ನೀವು ಬೇಡ ಅಂತೀರ ಅಂತ ಅಲ್ಲ. ಬೇಡ ಅನ್ನದೆ ಒಳಗೊಳಗೇ ನೊಂದ್ಕೊಳ್ತೀರ ಅಂತ. ಈಗ ಕೇಳ್ತಾ ಇದ್ದೀನಿ. ನಾನು ಮದುವೆ ಆಗ್ಲಾ?"

ಅಜ್ಜಿ ಒಲೆ ಆರಿಸಿದಳು. ಸೆರಗಿನಿಂದ ಕೈಯೊರೆಸಿಕೊಂಡಳು, ಕೈ ಒದ್ದೆಯಿರದಿದ್ದರೂ.

"ಆಗು. ಮನುಷ್ಯ ಒಳ್ಳೆಯವನ ಹಾಗೆ ಕಾಣ್ತಾನೆ. ಕಂಬಿ ಗಟ್ಟಿಯಾಗಿ ಹಾಕಿದ್ದಾನೆ." ಸ್ವಲ್ಪ ತಡೆದು, ಬಾಗಿಲ ಕಡೆಗೆ ದನಿ ಏರಿಸಿದಳು. "ಆ ಮರೆಯಲ್ಲಿ ನಿಂತಿರೋ ಗೂಬೆಮರೀನ ಬರಹೇಳು. ಏನೇ, ಬಾಗಿಲಲ್ಲಿ ಕಾಯ್ತೀನಿ ಅಂತ ನನ್ನ ಹೆಸರಲ್ಲಿ ಇನ್ನೂರು ಮಂದಿಗೆ ಮಾತು ಕೊಟ್ಟಿದ್ದೀಯಲ್ಲ, ಕರೆದವಳು ಮೇಲೆ ಕೂತು, ಬಂದವರು ಖಾಲಿ ಬಾಗಿಲು ನೋಡ್ಬೇಕಾ? ನನ್ನ ಮಾನ ಏನಾಗ್ಬೇಕು? ಎಷ್ಟು ಮೆಟ್ಟಿಲು ಅಂದೆ?"

"ಅರವತ್ತೆಂಟು."

"ಬಟ್ಟೆ ಕತ್ತರಿಸು" ಎಂದಳು ಅಜ್ಜಿ ಸೊಸೆಗೆ.

"ನೀವು ಇಳಿದ ಮೇಲೆ" ಎಂದಳು ಸೊಸೆ, ಚೀಲ ಹೆಗಲಿಗೇರಿಸಿ.

ಮರುದಿನ ಸಂಜೆ ಹೂಂಗುಟ್ಟಿ ಕೆಲಸದಿಂದ ಬಂದವಳೇ ಅಜ್ಜಿಯನ್ನು ಬಾಗಿಲ ಹೊರಗೆ ನಿಲ್ಲಿಸಿದಳು. ಅಜ್ಜಿಯ ಬಲಗೈ ಕಂಬಿಯ ಮೇಲೆ, ಎಡಗೈ ಮೊಮ್ಮಗಳ ಭುಜದ ಮೇಲೆ. ಕಾಲು ಮಾತ್ರ ಹೊಸ್ತಿಲಿಗೆ ಅಂಟಿಕೊಂಡಿತ್ತು. ಒಂದು ಗಳಿಗೆ, ಎರಡು ಗಳಿಗೆ. ಕೆಳಗಿಂದ ಯಾರದೋ ರೇಡಿಯೋ.

"ಅಜ್ಜೀ, ಒಂದು ಕತೆ ಹೇಳ್ಲಾ?"

"ನನಗೇ ಕತೆ ಹೇಳ್ತೀಯಾ?"

"ಕಟ್ಟುನಿಟ್ಟು ನಿನ್ನದೇ. ಹೂಂ ಅನ್ಬೇಕು. ಒಂದು ಹೂಂಗೆ ಒಂದು ಮೆಟ್ಟಿಲು. ಹೂಂ ನಿಂತರೆ ಕತೆ ನಿಂತಿತು."

ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿದಳು. ತನ್ನ ಆಯುಧ ತನಗೇ ತಿರುಗಿದ್ದು ತಿಳಿಯದಷ್ಟು ಮಬ್ಬು ಅವಳಿಗಿರಲಿಲ್ಲ.

"ಏಳು ಉಪ್ಪರಿಗೆಯ ಒಂದು ಅರಮನೆ. ಅದರ ತುತ್ತತುದಿಯಲ್ಲಿ ಒಬ್ಬ ರಾಜಮಾತೆ."

"...ಹೂಂ." ಒಂದು ಮೆಟ್ಟಿಲು.

"ಆ ರಾಜಮಾತೆಗೆ ನೆರಳಿರಲಿಲ್ಲ."

"ಹೂಂ? ಯಾಕಿರಲಿಲ್ಲ?"

"ಎರಡು ಹೂಂ ಅಂತ ಲೆಕ್ಕ. ಇಳಿ."

ಹೀಗೆ ಶುರುವಾಯಿತು. ಮೊದಲ ವಾರ ದಿನಕ್ಕೆ ಐದು ಮೆಟ್ಟಿಲು ಇಳಿಯುವುದು, ಅಷ್ಟೇ ಹತ್ತುವುದು. ಎರಡನೆಯ ವಾರ ಮೂರನೆಯ ಮಹಡಿ. ಅಲ್ಲಿಯ ಮನೆಯವರು ಅಜ್ಜಿಗೆಂದು ಒಂದು ಸ್ಟೂಲು ಹೊರಗಿಟ್ಟರು. ಅಜ್ಜಿ ಅದರ ಮೇಲೆ ಮಹಾರಾಣಿಯ ಹಾಗೆ ಕೂತು ಅವರ ಮನೆಯೊಳಗಿನ ಧೂಳಿನ ಬಗ್ಗೆ ಮಾತಾಡಿದಳು. ಕತೆಯೂ ಇಳಿಯುತ್ತಿತ್ತು. ರಾಜಮಾತೆ ಒಂದು ದಿನ ಅವಸರದಲ್ಲಿ ಇಳಿಯುವಾಗ ಅವಳ ನೆರಳು ಕಳಚಿ ಮೆಟ್ಟಿಲ ಮೇಲೆ ಬಿದ್ದುಹೋಯಿತಂತೆ. ಎತ್ತಿಕೊಳ್ಳಲು ಹೆದರಿ ಅವಳು ಮೇಲಕ್ಕೆ ಓಡಿಬಿಟ್ಟಳಂತೆ. ನೆರಳಿಲ್ಲದವಳ ದೀಪ ಉರಿದರೂ ಕೋಣೆ ಅರ್ಧವೇ ಬೆಳಗುತ್ತಿತ್ತಂತೆ.

"ಆ ಮುದುಕಿ ನಾನೇ ತಾನೇ?" ಎಂದು ಕೇಳಿದಳು ಅಜ್ಜಿ ಒಂದು ಸಂಜೆ.

"ಛೆ, ಅವಳು ರಾಜಮಾತೆ. ನಿನ್ನಷ್ಟು ಬಾಯಿ ಅವಳಿಗಿರಲಿಲ್ಲ."

ಆರನೆಯ ವಾರದಲ್ಲಿ ಎರಡನೆಯ ಮಹಡಿ ಮುಟ್ಟಿದರು. ಅಲ್ಲಿ ನಿಂತಿತು.

ಕೆಳಗೆ ಐದನೆಯ ಮೆಟ್ಟಿಲು ಕಾಣುತ್ತಿತ್ತು. ಹೊಸ ಸಿಮೆಂಟಿನಿಂದ ಅದು ಉಳಿದವುಗಳಿಗಿಂತ ಬೆಳ್ಳಗಿತ್ತು. ಅಜ್ಜಿ ಮೊದಲ ದಿನ ಎರಡು ಮೆಟ್ಟಿಲಿಳಿದು ತಿರುಗಿದಳು. ಎರಡನೆಯ ದಿನ ಒಂದು. ಮೂರನೆಯ ದಿನ ಕಂಬಿ ಹಿಡಿದ ಕೈ ಬೆವೆತು, ಹಣೆಯಲ್ಲಿ ಹನಿ ಮೂಡಿ, "ಸಾಕು ಕಣೇ, ಮೇಲೆ ಕರ್ಕೊಂಡು ಹೋಗು" ಎಂದಳು. ಆ ದನಿಯಲ್ಲಿ ಹಠವಿರಲಿಲ್ಲ. ಹೂಂಗುಟ್ಟಿಗೆ ಹಠವನ್ನು ಎದುರಿಸಲು ಗೊತ್ತಿತ್ತು; ಇದನ್ನಲ್ಲ. ಅಂದು ರಾತ್ರಿಯ ಊಟದಲ್ಲಿ ಅಮ್ಮ ಕಪಾಟಿನ ಕಡೆ ನೋಡಲಿಲ್ಲ, ಯಾರೂ ನೋಡಲಿಲ್ಲ. ಮದುವೆಗೆ ಹದಿನಾರು ದಿನ ಉಳಿದಿತ್ತು. ಕತ್ತರಿಗೆ ಒಂದೇ ದಿನ.

ಮರುದಿನ ಹೂಂಗುಟ್ಟಿ ಮಧ್ಯಾಹ್ನವೇ ರಜೆ ಹಾಕಿ ಬಂದಳು. ಎರಡನೆಯ ಮಹಡಿಯವರೆಗೆ ಇಬ್ಬರೂ ಸಲೀಸಾಗಿ ಇಳಿದರು. ಟೀಚರಮ್ಮನ ಮನೆ ಮುಂದೆ ನಿಂತರು. ಮೆಟ್ಟಿಲ ತಿರುವಿನ ಕಿಟಕಿಯಿಂದ ಬಿಸಿಲು ಬಿದ್ದಿತ್ತು.

"ರಾಜಮಾತೆ ನೆರಳು ಬಿದ್ದ ಜಾಗದ ತನಕ ಬಂದಳು" ಎಂದಳು ಹೂಂಗುಟ್ಟಿ.

"ಹೂಂ." ಒಂದು.

"ನೋಡ್ತಾಳೆ, ನೆರಳು ಅಲ್ಲೇ ಮಲಗಿದೆ."

"ಹೂಂ." ಎರಡು. "ಹೂಂ, ಆಮೇಲೆ?" ಮೂರು.

ಆಮೇಲೆ? ಹೂಂಗುಟ್ಟಿ ಬಾಯಿ ತೆರೆದಳು. ಏನೂ ಇರಲಿಲ್ಲ. ಆರು ವಾರದಿಂದ ದಿನದಿನದ ಕತೆ ಬಸ್ಸಿನಲ್ಲಿ ಹೊಸೆದುಕೊಂಡು ಬರುತ್ತಿದ್ದವಳಿಗೆ ಇಲ್ಲಿಂದ ಮುಂದೆ ದಾರಿಯೇ ಕಂಡಿರಲಿಲ್ಲ. ರಾಜಮಾತೆ ನೆರಳನ್ನು ಹೇಗೆ ಎತ್ತಿಕೊಂಡಳು? ಬಿದ್ದವಳಿಗಲ್ಲವೇ ಅದು ಗೊತ್ತಿರುವುದು?

"ಆಮೇಲೆ... ನನಗೆ ಗೊತ್ತಿಲ್ಲ ಅಜ್ಜಿ."

"ಗೊತ್ತಿಲ್ಲ ಅಂದ್ರೆ?"

"ಗೊತ್ತಿಲ್ಲ. ನಿಜವಾಗ್ಲೂ."

ಅಜ್ಜಿಯ ಮುಖ ಕೆಂಪಾಯಿತು. "ನಡುದಾರೀಲಿ ತಂದು ನಿಲ್ಲಿಸಿ ಗೊತ್ತಿಲ್ಲ ಅಂತೀಯಾ? ಹೀಗೆ ಕತೆ ಬಿಡ್ತಾರಾ ಯಾರಾದ್ರೂ? ನಾನು ನಿನಗೆ ಒಂದಾದ್ರೂ ಕತೆ ಹೀಗೆ ಬಿಟ್ಟಿದ್ದೀನಾ? ಮೂರು ಕಾಸಿನ ಕತೆಗಾತಿ! ಹೂಂ ಅನ್ನು."

"ಆಂ?"

"ಹೂಂ ಅನ್ನೇ!"

"ಹೂಂ."

"ನೆರಳು ರಾಜಮಾತೆಯನ್ನ ನೋಡಿ ಎದ್ದು ಕೂತಿತು. ಎದ್ದು, ಬಾಯಿಗೆ ಬಂದ ಹಾಗೆ ಬೈತು. 'ಮೂರು ವರ್ಷ ಆಯ್ತಲ್ಲೇ, ಈಗ ಬಂದ್ಯಾ? ಹೋಗಿಬರೋರೆಲ್ಲ ತುಳಿದೂ ತುಳಿದೂ ನನ್ನ ಸೊಂಟ ಬಿದ್ದುಹೋಯ್ತು. ಹಾಲಿನವನು ತುಳಿದ, ಪೇಪರಿನವನು ತುಳಿದ, ಆ ಕಂಡಕ್ಟರ್ ಬೂಟು ಹಾಕ್ಕೊಂಡು ತುಳಿದ!'"

"ಹೂಂ!" ಎಂದಳು ಹೂಂಗುಟ್ಟಿ. ಅಜ್ಜಿಯ ಕಾಲು ನಾಲ್ಕನೆಯ ಮೆಟ್ಟಿಲ ಮೇಲಿತ್ತು. ಅವಳು ನೋಡಿಕೊಂಡಿರಲಿಲ್ಲ, ಕತೆ ಹೇಳುವಾಗ ಅವಳು ಯಾವಾಗಲೂ ದೂರದಲ್ಲಿ ಏನನ್ನೋ ನೋಡುತ್ತಿದ್ದಳು.

"ರಾಜಮಾತೆ ಏನಂದಳು ಗೊತ್ತಾ? 'ನನಗೆ ಹೆದರಿಕೆ ಆಗಿತ್ತು ಕಣೇ' ಅಂದಳು. ಅಷ್ಟೇ. ಅಷ್ಟು ಹೇಳೋಕೆ ಅವಳಿಗೆ ಮೂರು ವರ್ಷ ಬೇಕಾಯ್ತು."

ಹೂಂಗುಟ್ಟಿ ಅಜ್ಜಿಯ ಮುಖವನ್ನೇ ನೋಡುತ್ತಾ ಮೈಮರೆತಳು. ಆದರೆ ಹೂಂ ನಿಂತರೆ ಕತೆ ನಿಲ್ಲುತ್ತದೆ. "ಹೂಂ" ಎಂದಳು, ಹೇಗೋ.

ಅಜ್ಜಿ ಐದನೆಯ ಮೆಟ್ಟಿಲ ಮೇಲೆ ನಿಂತಳು. ಈಗ ನೋಡಿದಳು. ಬಿಳಿ ಸಿಮೆಂಟಿನ ಮೇಲೆ, ಕಿಟಕಿಯ ಬಿಸಿಲಿನಲ್ಲಿ, ಅವಳ ನೆರಳು ಉದ್ದಕ್ಕೆ ಬಿದ್ದಿತ್ತು. ಕಾಲಿನಿಂದ ಅಂಚನ್ನು ಒಮ್ಮೆ ಒತ್ತಿ ಪರೀಕ್ಷಿಸಿದಳು.

"ಕೆಲಸ ಪರವಾಗಿಲ್ಲ" ಎಂದಳು. "ನಡಿ. ಉಳಿದದ್ದು ಕೆಳಗೆ ಹೇಳ್ತೀನಿ."

ಅಮ್ಮ ಕಾರ್ಖಾನೆಯಿಂದ ಬರುವ ಹೊತ್ತಿಗೆ ಕಟ್ಟಡದ ಕೆಳಬಾಗಿಲಲ್ಲಿ, ಬೀದಿಗೆ ಮುಖಮಾಡಿ, ಕಂಡಕ್ಟರ್ ಮನೆಯ ಕುರ್ಚಿಯ ಮೇಲೆ ಅತ್ತೆ ಕೂತಿದ್ದಳು. ಪಕ್ಕದಲ್ಲಿ ಕಂಡಕ್ಟರ್ ಅವಳ ಅಪ್ಪಣೆಯಂತೆ ತಮ್ಮ ಬೂಟು ಕಳಚಿ, ಏಕೆಂದು ತಿಳಿಯದೆ, ಬರಿಗಾಲಲ್ಲಿ ನಿಂತಿದ್ದರು. ಅಮ್ಮನ ಕೈಯಿಂದ ಚೀಲ ಜಾರಿತು. ಊಟದ ಡಬ್ಬಿ ಉರುಳಿ ಚರಂಡಿಯ ಅಂಚಿಗೆ ಹೋಗಿ ನಿಂತಿತು.

"ಅದನ್ನ ಎತ್ಕೋ" ಎಂದಳು ಅತ್ತೆ. "ಎತ್ಕೊಂಡು ಮೇಲೆ ಹೋಗು. ಕತ್ತರಿ ಎಲ್ಲಿದೆ ಅಂತ ಗೊತ್ತು ತಾನೇ? ಹದಿನೈದೇ ದಿನ ಇದೆ. ತೋಳು ಸ್ವಲ್ಪ ಉದ್ದ ಇಡು, ನಿನಗೆ ಚೆನ್ನಾಗಿರುತ್ತೆ."

ಅಮ್ಮ ಡಬ್ಬಿ ಎತ್ತಿಕೊಳ್ಳಲಿಲ್ಲ. ಬೀದಿಯಲ್ಲೇ, ಎಲ್ಲರ ಎದುರಿಗೆ, ಅತ್ತೆಯ ಮಡಿಲಲ್ಲಿ ಮುಖವಿಟ್ಟು ಕೂತುಬಿಟ್ಟಳು. ಅಜ್ಜಿ ಅವಳ ತಲೆಯ ಮೇಲೆ ಕೈಯಾಡಿಸುತ್ತಾ ಮೊಮ್ಮಗಳ ಕಡೆ ತಿರುಗಿ, "ಇಳಿದದ್ದಾಯ್ತು. ಈಗ ಹತ್ತಿಸೋರು ಯಾರು? ಅದಕ್ಕೊಂದು ಕತೆ ಹುಡುಕು. ಈ ಸಲ ಕೊನೇತನಕ ಇರೋದು ಹುಡುಕು" ಎಂದಳು.

ಮದುವೆಯ ದಿನ ಬೆಳಿಗ್ಗೆ, ಬೀದಿಯ ಮಟ್ಟಕ್ಕೇ ಇದ್ದ ಆ ಹಾಲ್‌ನ ಬಾಗಿಲಲ್ಲಿ ಎಲ್ಲರಿಗಿಂತ ಮೊದಲು ಬಂದು ನಿಂತವಳು ಅಜ್ಜಿ. ಹೂಂಗುಟ್ಟಿ ಮೂರು ಸಲ ಕುರ್ಚಿ ತಂದಳು, ಮೂರು ಸಲವೂ ವಾಪಸ್ ಹೋಯಿತು. ಟೀಚರಮ್ಮ ಬಂದರು, ಮೇಸ್ತ್ರಿ ತಲೆತಗ್ಗಿಸಿಕೊಂಡು ಬಂದ, ನಲ್ಲಿ ರಿಪೇರಿಯವನೂ ಹೆಂಡತಿ ಮಕ್ಕಳೊಂದಿಗೆ ಬಂದ. ಒಬ್ಬೊಬ್ಬರನ್ನೂ ಅಜ್ಜಿ ಕೈಹಿಡಿದು ಒಳಗೆ ಕಳಿಸಿದಳು. ದಾಳಿಂಬೆ ಬಣ್ಣದ ಉದ್ದ ತೋಳಿನ ಬಟ್ಟೆಯಲ್ಲಿ ಅಮ್ಮ ಒಳಗೆ ಮೇಜಿನ ಬಳಿ ನಿಂತು, ಪೆನ್ನು ಕೈಯಲ್ಲಿದ್ದರೂ ರುಜು ಹಾಕದೆ, ಬಾಗಿಲ ಕಡೆಗೇ ನೋಡುತ್ತಿದ್ದಳು.

"ಎಲ್ಲ ಬಂದಾಯ್ತು ಅಮ್ಮಾ, ನೀವು ಒಳಗೆ ಬರಬೇಕು" ಎಂದರು ಲಿಫ್ಟ್ ಅಂಕಲ್, ಹೊಸ ಬಟ್ಟೆಯ ಜೇಬಿನಲ್ಲೂ ಸ್ಕ್ರೂಡ್ರೈವರ್ ಇಟ್ಟುಕೊಂಡೇ. "ಕಾಲು ನೋಯ್ತಾ ಇಲ್ವಾ?"

"ನೋಯುತ್ತೆ. ನಮ್ಮ ಕಟ್ಟಡದ ಲಿಫ್ಟು ಕೆಟ್ಟಿತ್ತು ನೋಡಪ್ಪಾ, ನಡ್ಕೊಂಡೇ ಇಳಿದೆ" ಎಂದಳು ಅಜ್ಜಿ. ನಗಬೇಕೋ ಬೇಡವೋ ತಿಳಿಯದೆ ಅವರು ನಿಂತಿರುವಾಗ ಅವಳೇ ಮೊದಲು ನಕ್ಕಳು. ಆಮೇಲೆ ಬೀದಿಯ ಕೊನೆಯತ್ತ ಕಣ್ಣು ಹಾಯಿಸಿದಳು.

"ಕಂಡಕ್ಟರ್ ಇನ್ನೂ ಬಂದಿಲ್ಲ. ಇಸ್ತ್ರಿಯವನು ಶರ್ಟು ತಡ ಮಾಡಿರ್ಬೇಕು. ಸ್ವಲ್ಪ ತಾಳಿ. ಬಾಗಿಲಲ್ಲಿ ಕಾಯ್ತೀನಿ ಅಂತ ಬರೆದಿದ್ದೀನಿ ನಾನು."

ಹೂಂಗುಟ್ಟಿ ಪಕ್ಕದಲ್ಲಿ ಬಂದು ನಿಂತಳು. ಅಜ್ಜಿಯ ಎಡಗೈ, ಹುಡುಕದೆಯೇ, ಅವಳ ಭುಜದ ಮೇಲೆ ಬಂದು ಕೂತಿತು.

"ಹೂಂ" ಎಂದಳು ಅವಳು.